ದೂರದ ಲಾರಿಗೆ ಜಲಜನಕವೇ ಆಗಬೇಕೆ?

ಪರ

ವಾಹನಕ್ಕೆ ಜಲಜನಕವೋ (ಹೈಡ್ರೋಜನ್) ಬ್ಯಾಟರಿಯೋ ಎಂಬ ಚರ್ಚೆ ಕಾರುಗಳ ಮಟ್ಟಿಗೆ ಬಹುತೇಕ ಮುಗಿದಿದೆ. ಟೊಯೊಟಾ 2014ರಲ್ಲೇ ಮಿರಾಯ್ ಕಾರನ್ನು ಮಾರುಕಟ್ಟೆಗೆ ತಂದರೂ ಜಲಜನಕದ ಕಾರು ಬೇರೂರಲಿಲ್ಲ. ಮನೆಯ ಪ್ಲಗ್ಗಿನಲ್ಲೇ ಚಾರ್ಜ್ ಆಗುವ ಕಾರು ಸಿಗುವಾಗ ಬೇರೂರಬೇಕಾದ ಕಾರಣವೂ ಇಲ್ಲ. ಆದರೆ ಕಾರಿನ ಲೆಕ್ಕವನ್ನು ಸರಕು ಸೇರಿ 55 ಟನ್ ತೂಗುವ ಟ್ರೇಲರ್ ಲಾರಿಗೆ ಹಚ್ಚಲಾಗದು. ಅಂಥ ಲಾರಿಗೆ ಕಿಲೋಮೀಟರಿಗೆ ಒಂದೂವರೆ ಯೂನಿಟ್ ವಿದ್ಯುತ್ ಸಾಕು ಎಂದಿಟ್ಟುಕೊಂಡರೂ, ಬೆಂಗಳೂರಿನಿಂದ ಮುಂಬೈಗಿರುವ ಸುಮಾರು ಸಾವಿರ ಕಿಲೋಮೀಟರಿನ ಅರ್ಧದಾರಿಗೇ 750 ಯೂನಿಟ್ ಹಿಡಿಸುವ ಬ್ಯಾಟರಿ ಬೇಕಾಗುತ್ತದೆ. ಇಂದಿನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಅದೇ ನಾಲ್ಕೂವರೆಯಿಂದ ಐದು ಟನ್ ತೂಗುತ್ತದೆ. ಒಟ್ಟು ತೂಕಕ್ಕೆ ಕಾನೂನಿನ ಮಿತಿಯಿರುವುದರಿಂದ, ಡೀಸೆಲ್ ಎಂಜಿನ್ ತೆಗೆದು ಉಳಿಸಿದ್ದನ್ನು ಬಿಟ್ಟರೆ, ಈ ಭಾರವೆಲ್ಲ ಬಾಡಿಗೆ ತರುವ ಸರಕಿನಿಂದಲೇ ಕಳೆಯಬೇಕು. ಅಷ್ಟೇ ದೂರಕ್ಕೆ 45 ಕಿಲೋದಷ್ಟು ಜಲಜನಕ ಸಾಕಾಗುತ್ತದೆ. ಗಟ್ಟಿ ಟ್ಯಾಂಕುಗಳ ತೂಕ ಸೇರಿಸಿದರೂ ಅದು ಬ್ಯಾಟರಿಗಿಂತ ಬಹಳ ಹಗುರ.

ಇದು ಕಾಗದದ ಮೇಲಿನ ಮಾತಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2020ರಿಂದ ಓಡುತ್ತಿರುವ ಹ್ಯುಂಡೈ ಎಕ್ಸಿಯೆಂಟ್ ಲಾರಿಗಳು ಒಮ್ಮೆ ತುಂಬಿಸಿದರೆ ಸುಮಾರು 400 ಕಿ.ಮೀ. ಹೋಗುತ್ತವೆ, ತುಂಬಿಸಲು 8ರಿಂದ 20 ನಿಮಿಷ ಹಿಡಿಯುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಜಲಜನಕ (ಸೌರ, ಪವನದಂಥ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆಯುವ ಜಲಜನಕ) ಮಿಷನ್‌ಗೆ ಒಪ್ಪಿಗೆ ಕೊಟ್ಟು, 2025ರ ಮಾರ್ಚ್‌ನಲ್ಲಿ 37 ಬಸ್ಸು–ಲಾರಿಗಳ ಪ್ರಯೋಗವನ್ನು ಮಂಜೂರು ಮಾಡಿತು. ಅವುಗಳಲ್ಲಿ 22 ವಾಹನಗಳು ಜಲಜನಕವನ್ನು ಎಂಜಿನ್ನಿನಲ್ಲೇ ಉರಿಸುವಂಥವು. ಅಂದರೆ ಇಂದಿನ ಎಂಜಿನ್ ಕಾರ್ಖಾನೆಗೂ ಮೆಕ್ಯಾನಿಕ್‌ಗೂ ನಾಳೆ ಕೆಲಸವಿರುತ್ತದೆ.

ಇನ್ನು ನೈಸರ್ಗಿಕ ಅನಿಲ. ಸಿಎನ್‌ಜಿ ದೆಹಲಿಯ ಬಸ್ಸುಗಳ ಹೊಗೆ ಇಳಿಸಿದ್ದು ನಿಜವೇ, ಆದರೆ ದೇಶ ಬಳಸುವ ಅನಿಲದ ಸುಮಾರು ಅರ್ಧದಷ್ಟು ಹೊರದೇಶದಿಂದ ಬರುತ್ತದೆ. ಡೀಸೆಲ್‌ಗಾಗಿ ಕಚ್ಚಾ ತೈಲದ ಆಮದು ಬಿಟ್ಟು ಅನಿಲದ ಆಮದಿಗೆ ಹೋಗುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ವಿರೋಧ

ಯೂನಿಟ್ಟಿನ ಲೆಕ್ಕ ತೆಗೆದವರು ಅದನ್ನು ಅರ್ಧಕ್ಕೇ ನಿಲ್ಲಿಸಬಾರದು. ನೀರನ್ನು ವಿಭಜಿಸಿ ಒಂದು ಕಿಲೋ ಜಲಜನಕ ಪಡೆಯಲು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಅದನ್ನು 350 ಬಾರ್ (ಗಾಳಿಯ ಒತ್ತಡದ ಸುಮಾರು 350 ಪಟ್ಟು) ಒತ್ತಡಕ್ಕೆ ಅದುಮಿ ತುಂಬುವುದಕ್ಕೆ ಇನ್ನಷ್ಟು. ಜಲಜನಕವನ್ನು ಮರಳಿ ವಿದ್ಯುತ್ತಾಗಿಸುವ ಲಾರಿಯ ಇಂಧನಕೋಶ (ಫ್ಯೂಯಲ್ ಸೆಲ್) ಅದರಿಂದ ಹಿಂದಿರುಗಿಸುವುದು 16–17 ಯೂನಿಟ್ ಮಾತ್ರ, ಎಂಜಿನ್ನಿನಲ್ಲಿ ಉರಿಸಿದರೆ ಅದಕ್ಕಿಂತಲೂ ಕಡಿಮೆ. ಅದೇ 55 ಯೂನಿಟ್ಟನ್ನು ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದರೆ ನಲವತ್ತಾದರೂ ಚಕ್ರಕ್ಕೆ ತಲುಪುತ್ತಿತ್ತು. ಡೀಸೆಲ್ ದರ ಒಂದು ರೂಪಾಯಿ ಏರಿದರೆ ಬಾಡಿಗೆಯನ್ನೇ ಮರುಲೆಕ್ಕ ಹಾಕುವ, ಒಂದೆರಡು ಲಾರಿಗಳ ಮಾಲೀಕನಿಗೆ ಇಂಥ ಇಂಧನವನ್ನು ಸಬ್ಸಿಡಿ ನಿಂತ ಮರುದಿನ ಮಾರುವವರು ಯಾರು? ಜಲಜನಕದ ಲಾರಿಯನ್ನೇ ನೆಚ್ಚಿದ್ದ ಅಮೆರಿಕದ ನಿಕೋಲಾ ಕಂಪನಿ 2025ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವೆನ್ನಿ.

ಬ್ಯಾಟರಿಯ ಭಾರ ಸುಳ್ಳಲ್ಲ. ಆದರೆ ಅರ್ಧ ದಾರಿಯನ್ನು ಒಂದೇ ಚಾರ್ಜಿನಲ್ಲಿ ಓಡಬೇಕೆಂಬುದು ಯಾರ ನಿಯಮ? 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಕೊಡಬೇಕೆಂದಿತ್ತು (ರಸ್ತೆಯಲ್ಲಿ ಅದು ಎಷ್ಟು ನಡೆಯಿತು ಎಂಬುದು ಬೇರೆ ಮಾತು). ಒಂದು ಮೆಗಾವ್ಯಾಟ್ ಚಾರ್ಜರಿದ್ದರೆ ಆ ಅರ್ಧ ಗಂಟೆಯಲ್ಲಿ 500 ಯೂನಿಟ್, ಅಂದರೆ ಮುನ್ನೂರು ಕಿಲೋಮೀಟರಿಗೂ ಮೀರಿದ ಓಟ ಸಿಗುತ್ತದೆ. ಹೆದ್ದಾರಿಯ ಬದಿಗೆ ಅಷ್ಟು ವಿದ್ಯುತ್ ಒಯ್ಯುವುದು ದುಬಾರಿಯೇ, ಆದರೆ ಜಲಜನಕದ ಬಂಕಿಗೂ ಕಂಪ್ರೆಸರ್ ಬೇಕು, ವಿದ್ಯುತ್ ಬೇಕು, ಮೇಲೆ ಜಲಜನಕವೂ ಬೇಕು. ಶಿರಾಡಿ ಘಾಟಿಯಲ್ಲಿ ತುಂಬಿದ ಲಾರಿ ಸಕಲೇಶಪುರದ ಕಡೆಯಿಂದ ಕೆಳಗಿಳಿಯುವುದನ್ನು ಗಮನಿಸಿ: ಡೀಸೆಲ್ ಲಾರಿ ಆ ಇಳಿಜಾರನ್ನೆಲ್ಲ ಬ್ರೇಕಿನ ಬಿಸಿಯಾಗಿ ಕಳೆಯುತ್ತದೆ, ಅನಿಲ ಅಥವಾ ಜಲಜನಕ ಉರಿಸುವ ಎಂಜಿನ್ನಿನ ಹಣೆಬರಹವೂ ಅದೇ, ವಿದ್ಯುತ್ ಲಾರಿಯ ಮೋಟಾರು ಅದೇ ಇಳಿಜಾರಿನಲ್ಲಿ ಜನರೇಟರಾಗಿ ತಿರುಗಿ ಬ್ಯಾಟರಿ ತುಂಬುತ್ತದೆ.

ಅನಿಲದ ವಿಚಾರದಲ್ಲಿ ಎದುರು ಪಕ್ಷದೊಂದಿಗೆ ಜಗಳವಿಲ್ಲ, ಆದರೂ ಇಂದು ಬಂಕಿನಲ್ಲಿ ಸಿಗುವುದು ಅದೇ, ಜೈವಿಕ ಅನಿಲವನ್ನೂ ಅದೇ ಟ್ಯಾಂಕಿಗೆ ತುಂಬಬಹುದು.

ಜಲಜನಕವೇ ಬೇಡವೆಂದು ಯಾರೂ ಹೇಳುತ್ತಿಲ್ಲ. ಮಂಗಳೂರಿನ ತೈಲ ಸಂಸ್ಕರಣಾಗಾರಕ್ಕೂ ಪಣಂಬೂರಿನ ಗೊಬ್ಬರ ಕಾರ್ಖಾನೆಗೂ ಅದು ಬೇಕೇ ಬೇಕು. ಅಲ್ಲಿ ಅದರ ಕೆಲಸವನ್ನು ಬ್ಯಾಟರಿ ಮಾಡಲಾರದು. ಇಂಥ ಕಾರ್ಖಾನೆಗಳಿಗೆ ದೇಶದಲ್ಲಿ ಈಗ ಜಲಜನಕ ಸಿಗುತ್ತಿರುವುದು ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದ. ಮಿಷನ್ 2030ಕ್ಕೆ ಇಟ್ಟುಕೊಂಡಿರುವ ಗುರಿ ವರ್ಷಕ್ಕೆ 50 ಲಕ್ಷ ಟನ್, ದೇಶದ ರಿಫೈನರಿಗಳೂ ಗೊಬ್ಬರ ಕಾರ್ಖಾನೆಗಳೂ ಈಗಾಗಲೇ ಬಳಸುತ್ತಿರುವುದೇ ಹೆಚ್ಚುಕಡಿಮೆ ಅಷ್ಟು.