ಜ್ವರ, ಭೇದಿಯನ್ನು ಹಲ್ಲಿನ ತಲೆಗೆ ಕಟ್ಟಬೇಡಿ

ಮಕ್ಕಳಿಗೆ ಹಲ್ಲು ಬರುವುದರ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ‘ಹಲ್ಲು ಬರುವಾಗ ಜ್ವರ, ಭೇದಿ ಮಾಮೂಲು’ ಎಂಬ ಸಾಲನ್ನು ದಯವಿಟ್ಟು ತಿದ್ದಿ. ಮೈ ಒಂಚೂರು ಬೆಚ್ಚಗಾಗಬಹುದು, ಅಷ್ಟೇ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಇಲ್ಲವೇ ನೀರು ನೀರಾಗಿ ಭೇದಿಯಾದರೆ ಅದಕ್ಕೆ ಬೇರೆಯೇ ಕಾರಣ ಇರುತ್ತದೆ. ಮೊದಲ ಹಲ್ಲು ಇಣುಕುವ ಆರು ತಿಂಗಳ ಆಸುಪಾಸಿನಲ್ಲೇ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ತಾಯಿಯಿಂದ ಬಂದ ರೋಗನಿರೋಧಕ ಶಕ್ತಿಯೂ ಆಗಲೇ ಇಳಿಯುತ್ತಿರುತ್ತದೆ. ಹೀಗೆ ಎಲ್ಲ ಒಟ್ಟಿಗೆ ಬಂದು ಹಲ್ಲಿನ ಮೇಲೆ ಗೂಬೆ ಕೂರುತ್ತದೆ. ‘ಹಲ್ಲು ಬರ್ತಿದೆ, ಬಿಡಿ’ ಅಂತ ಓಆರ್‌ಎಸ್ ಕೊಡದೆ, ಡಾಕ್ಟರಿಗೆ ತೋರಿಸದೆ ಕೂರುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ನಮ್ಮ ಚಿಕ್ಕಮಗಳೂರು ಕಡೆ ಇನ್ನೊಂದಿದೆ. ತೋಟದ ಜೇನು ಮನೆಯಲ್ಲೇ ಇರುತ್ತದೆ, ಹಿರಿಯರು ಪ್ರೀತಿಯಿಂದ ವಸಡಿಗೆ ಸವರುತ್ತಾರೆ. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಅಪಾಯವಿದೆ. ‘ಹಾಗಾದ್ರೆ ಏನ್ ಹಚ್ಲಮ್ಮ?’ ಅಂದರು ನಮ್ಮತ್ತೆ. ಏನೂ ಬೇಡ ಅತ್ತೆ, ಕೈ ತೊಳ್ಕೊಂಡು ಬೆರಳಲ್ಲಿ ಮೆಲ್ಲಗೆ ಒತ್ತಿ ಅಂದೆ. ಮಗಳು ಆ ಬೆರಳನ್ನೇ ವಸಡಲ್ಲಿ ಕಚ್ಚಿ ಹಿಡಿದು, ಬಿಕ್ಕುತ್ತಾ ಬಿಕ್ಕುತ್ತಾ ಸುಮ್ಮನಾದಳು.

ಒದ್ದೆ ಬಟ್ಟೆಯನ್ನು ಫ್ರಿಜ್ಜಲ್ಲಿ ತಣ್ಣಗೆ ಮಾಡಿ ಕಚ್ಚಲು ಕೊಡಿ, ಫ್ರೀಜರಿನಲ್ಲಿ ಇಡಬೇಡಿ. ವಸಡನ್ನು ಮರಗಟ್ಟಿಸುವ ಬೆಂಜೊಕೇನ್ ಇರುವ ಜೆಲ್ಲನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಮಳೆಗಾಲದಲ್ಲಿ ಜೊಲ್ಲಿಗೆ ಕೊರಳ ಮಡಿಕೆ ಕೆಂಪಾಗುತ್ತದೆ, ಬಟ್ಟೆ ಒಣಗುವುದೂ ಇಲ್ಲ. ಹಳೇ ಪಂಚೆ ಹರಿದು, ಬಚ್ಚಲೊಲೆ ಹತ್ತಿರ ಒಣಗಿಸಿಟ್ಟುಕೊಳ್ಳಿ. ಉಜ್ಜದೆ ಒತ್ತಿ ಒರೆಸಿ, ತೆಳ್ಳಗೆ ವ್ಯಾಸಲಿನ್ ಹಚ್ಚಿ.