ಸೋಮವಾರದಿಂದ ಖಂಡಿತಾ

ತೂಕ ಇಳಿಸಲು ಹೊರಟವರ ಮನೆಯಲ್ಲಿ ತೂಕದ ಮಷೀನು ಎಲ್ಲಿದೆ ಎಂದು ನೋಡಿದರೆ ಸಾಕು, ಅವರ ಸಮಾಚಾರ ಗೊತ್ತಾಗುತ್ತದೆ. ತೂಕ ಇಳಿಯುತ್ತಿರುವಾಗ ಅದು ಕಾಲಿಗೆ ಎಡವುವಷ್ಟು ಎದುರಿಗೇ ಇರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಯಾರಾದರೂ ಬಂದರೆ ಅವರೆದುರಿಗೆ ಇನ್ನೊಮ್ಮೆ. ಆಮೇಲೆ ಒಂದೆರಡು ವಾರ ಊಟ ತಿಂಡಿ ಕೈಮೀರಿತು ಅಂತಿಟ್ಟುಕೊಳ್ಳಿ. ಮಷೀನು ತಾನಾಗಿಯೇ ಗೋಡೆಯ ಕಡೆಗೆ ಸರಿಯುತ್ತದೆ. ಅಲ್ಲಿಂದ ಮಂಚದ ಕೆಳಗೆ. ತಳ್ಳಿದ್ದು ಯಾರು ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹೆಬ್ಬೆರಳಿನಿಂದ ಸಣ್ಣದೊಂದು ನೂಕು, ಅಷ್ಟೇ.

ಅದನ್ನು ಮತ್ತೆ ಹೊರಗೆಳೆಯುವ ದಿನ ನೋಡಬೇಕು. ಮೊದಲು ವಾಚು ಬಿಚ್ಚಬೇಕು. ಜೇಬಿನ ಬೀಗದ ಕೈ ತೆಗೆದಿಡಬೇಕು. ಕನ್ನಡಕವನ್ನೂ ತೆಗೆಯುವವರಿದ್ದಾರೆ. ಆಮೇಲೆ ಅಂಕಿಯೇ ಕಾಣುವುದಿಲ್ಲ, ಅದೂ ಒಂದು ಲಾಭವೇ ಅನ್ನಿ. ಒಂದು ಕಾಲಿಟ್ಟು, ಇನ್ನೊಂದನ್ನು ಮೆಲ್ಲಗೆ ಇಡುವುದು, ನಿಧಾನವಾಗಿ ಹತ್ತಿದರೆ ಮಷೀನಿಗೆ ಗೊತ್ತಾಗುವುದಿಲ್ಲ ಎಂಬಂತೆ. ಉಸಿರು ಬಿಗಿಹಿಡಿಯುವುದು ಬೇರೆ. ಅಂಕಿ ನಿಂತ ಮೇಲೆ ಇಳಿದು, ಮಷೀನನ್ನು ಪಕ್ಕದ ಟೈಲ್ಸಿಗೆ ಸರಿಸಿ ಇನ್ನೊಂದು ಸಲ ಹತ್ತುವುದು. ನೆಲ ಸಮ ಇಲ್ಲದೆ ಇರಬಹುದು. ಬ್ಯಾಟರಿ ಮುಗಿಯುತ್ತಾ ಬಂದಿರಬಹುದು. ಮಷೀನು ಕಡಿಮೆ ತೋರಿಸಿದ ದಿನ ಮಾತ್ರ ಬ್ಯಾಟರಿ ಯಾರಿಗೂ ನೆನಪಾಗುವುದಿಲ್ಲ.

ಎರಡು ದಿನ ಮನಸೋ ಇಚ್ಛೆ ತಿಂದದ್ದಕ್ಕೆ ಎರಡು ಕಿಲೋ ಏರಿದೆ ಎಂದುಕೊಳ್ಳೋಣ. ಎದೆ ಧಸಕ್ಕೆನ್ನುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಎರಡು ಕಿಲೋ ನಿಜವಾದ ಕೊಬ್ಬು ಸೇರಬೇಕಾದರೆ, ದಿನಕ್ಕೆ ಬೇಕಾದಷ್ಟು ತಿಂದು ಅದರ ಮೇಲೆ ಹದಿನೈದು ಸಾವಿರ ಕ್ಯಾಲೊರಿ ಒಳಗೆ ಇಳಿಸಬೇಕು. ಎರಡು ದಿನದಲ್ಲಿ ಅಷ್ಟು ತಿನ್ನುವುದೆಂದರೆ ಅದೂ ಒಂದು ಸಾಧನೆಯೇ. ಹಾಗಾದರೆ ಏರಿದ್ದು ಏನು? ಹೆಚ್ಚಿನ ಪಾಲು ನೀರು. ಪಿಷ್ಟ, ಸಕ್ಕರೆ ತಿಂದಾಗ ದೇಹ ಅದರಲ್ಲಿ ಒಂದಿಷ್ಟನ್ನು ಗ್ಲೈಕೋಜನ್ ಮಾಡಿಕೊಂಡು ಸ್ನಾಯುಗಳಲ್ಲಿ, ಲಿವರಿನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಹೋಗಿ ಕೂರುತ್ತದೆ. ಉಪ್ಪು ಜಾಸ್ತಿಯಾದರೆ ಇನ್ನಷ್ಟು ನೀರು ನಿಲ್ಲುತ್ತದೆ. ಹೊಟ್ಟೆಯಲ್ಲಿರುವ ಊಟಕ್ಕೂ ಅದರದೇ ತೂಕ ಇದೆಯಲ್ಲ. ಡಯಟ್ ಶುರು ಮಾಡಿದ ಮೊದಲ ವಾರ ಭರಭರ ಇಳಿದದ್ದರಲ್ಲೂ ಬಹಳಷ್ಟು ಇದೇ ನೀರು. ಆಗ ಮಾತ್ರ ಇದು ನೀರು ಎಂದು ಯಾರಾದರೂ ಹೇಳಿದರೆ ನಮಗೆ ಸಿಟ್ಟು ಬರುತ್ತದೆ.

ಆದರೆ ಮಷೀನಿನ ಮೇಲೆ ನಿಂತ ಮನುಷ್ಯನಿಗೆ ಈ ಲೆಕ್ಕವೆಲ್ಲ ಎಲ್ಲಿ ಕೇಳಿಸಬೇಕು? ಮುಳುಗಿದವನಿಗೆ ಚಳಿಯೇನು, ಮಳೆಯೇನು! ಹೇಗೂ ಕೆಟ್ಟಿತಲ್ಲ, ಇವತ್ತು ಪೂರ್ತಿ ತಿಂದುಬಿಡೋಣ. ಈ ಬುದ್ಧಿಯನ್ನು 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬ ಮನೋವಿಜ್ಞಾನಿಗಳು ಪರೀಕ್ಷೆಗೇ ಹಚ್ಚಿದ್ದರು. ಕಾಲೇಜು ಹುಡುಗಿಯರಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿದರು, ಕೆಲವರಿಗೆ ಇಲ್ಲ. ಆಮೇಲೆ ರುಚಿ ನೋಡಿ ಹೇಳಿ ಎಂದು ಎಲ್ಲರ ಮುಂದೆಯೂ ಐಸ್‌ಕ್ರೀಂ ಇಟ್ಟರು. ತೂಕದ ಚಿಂತೆ ಇಲ್ಲದವರು ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಂ ಕಡಿಮೆ ತಿಂದರು, ಹೊಟ್ಟೆ ತುಂಬಿತ್ತಲ್ಲ. ಊಟದಲ್ಲಿ ಕಟ್ಟುನಿಟ್ಟು ಮಾಡುತ್ತಿದ್ದವರದು ತಿರುಗಾಮುರುಗಾ. ಮಿಲ್ಕ್‌ಶೇಕ್ ಒಳಗೆ ಹೋದ ಮೇಲೆ ಅವರೇ ಜಾಸ್ತಿ ತಿಂದರು. ವ್ರತ ಮುರಿದಾಗಿದೆ, ಇನ್ಯಾಕೆ ತಡೆ?

ಹಾಗೆ ಕೈ ಬಿಟ್ಟವರನ್ನು ಸಮಾಧಾನ ಮಾಡುವುದಕ್ಕೆ ಇರುವುದೇ ಸೋಮವಾರ. ಗುರುವಾರ ಕೆಟ್ಟರೆ ಶುಕ್ರ, ಶನಿ, ಭಾನು ಮೂರೂ ದಿನ ಲೆಕ್ಕಕ್ಕಿಲ್ಲದ ದಿನಗಳು. ಸೋಮವಾರದಿಂದ ಎಲ್ಲ ಬಂದ್ ಅಲ್ವಾ, ಅದಕ್ಕೇ ಈಗಲೇ ತಿಂದು ಮುಗಿಸಬೇಕು. ಇದೇನು ಒಬ್ಬಿಬ್ಬರ ಚಟವಲ್ಲ. 2014ರಲ್ಲಿ ಅಮೆರಿಕದ ಸಂಶೋಧಕರು ಗೂಗಲ್ ಹುಡುಕಾಟಗಳನ್ನು ಜಾಲಾಡಿದಾಗ, ವಾರದ ಶುರುವಿನಲ್ಲಿ, ತಿಂಗಳ ಶುರುವಿನಲ್ಲಿ, ವರ್ಷದ ಶುರುವಿನಲ್ಲಿ ಡಯಟ್ ಎಂದು ಹುಡುಕುವವರ ಸಂಖ್ಯೆ ಏರುವುದು ಕಂಡಿತು. ಬುಧವಾರ ಪಾಪ, ಅದನ್ನು ಕೇಳುವವರಿಲ್ಲ.

ನನ್ನ ತಕರಾರು ಇಷ್ಟೇ. ಕೆಟ್ಟ ಒಂದು ಊಟದಿಂದ ಆಗುವ ನಷ್ಟ ಸಣ್ಣದು. ಸೋಮವಾರ ಬರಲಿ ಎಂದು ಕಾಯುವ ದಿನಗಳದ್ದೇ ದೊಡ್ಡದು.

ಸೋಮವಾರ ಬಂದಾಗ ಇನ್ನೊಂದು ಆಟ. ಬೆಳಿಗ್ಗೆ ಏನೂ ಇಲ್ಲ, ಮಧ್ಯಾಹ್ನ ಸೌತೆಕಾಯಿ, ಸಂಜೆ ಎರಡು ಗಂಟೆ ಓಟ. ತಪ್ಪು ಮಾಡಿದವನಿಗೆ ಶಿಕ್ಷೆ ಕೊಡುವ ಹಾಗೆ. ರಾತ್ರಿ ಒಂಬತ್ತಕ್ಕೆ ಫ್ರಿಜ್ಜಿನ ಬಾಗಿಲು ತೆರೆದು ಅದರ ಬೆಳಕಿನಲ್ಲಿ ಸುಮ್ನೆ ನಿಂತಿರುವ ವ್ಯಕ್ತಿ ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಇದಕ್ಕೆ ಮನಸ್ಸಿನ ದೌರ್ಬಲ್ಯ ಎಂದು ಬೈದುಕೊಳ್ಳುವವರೇ ಹೆಚ್ಚು. ದೇಹದ ಕಡೆಯೂ ಸ್ವಲ್ಪ ಕೇಳಬೇಕು. ತೂಕ ಇಳಿದರೆ ಹೊಟ್ಟೆ ತುಂಬಿತು ಎನ್ನುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ, ಹಸಿವು ಎಬ್ಬಿಸುವ ಗ್ರೆಲಿನ್ ಏರುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಜನ ಹತ್ತು ವಾರದಲ್ಲಿ ಸರಾಸರಿ 13 ಕಿಲೋಗೂ ಹೆಚ್ಚು ಇಳಿಸಿದ್ದರು. ವರ್ಷ ಕಳೆದ ಮೇಲೂ ಅವರ ಹಸಿವಿನ ಹಾರ್ಮೋನುಗಳು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ದೇಹಕ್ಕೆ ನಮ್ಮ ಹಳೆಯ ಪ್ಯಾಂಟಿನ ಅಳತೆ ಮುಖ್ಯವಲ್ಲ, ಬರಗಾಲ ಬಂದಿದೆಯೇನೋ ಎಂಬ ಗಾಬರಿ ಅದಕ್ಕೆ. ಈಗಾಗಲೇ ಗಾಬರಿಯಾದವರನ್ನು ಉಪವಾಸ ಕೆಡವಿದರೆ ಅವರು ಸುಮ್ಮನಿರುತ್ತಾರಾ?

ಲಂಡನ್ನಿನ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು ಅಭ್ಯಾಸ ಹೇಗೆ ಅಂಟಿಕೊಳ್ಳುತ್ತದೆ ಎಂದು ನೋಡಿದ್ದರು. ಕೆಲವರಿಗೆ 18 ದಿನ ಸಾಕಾಗಿತ್ತು, ಇನ್ನು ಕೆಲವರಿಗೆ ಇನ್ನೂರೈವತ್ತು ದಿನ ಬೇಕು ಎನ್ನುವ ಅಂದಾಜು ಸಿಕ್ಕಿತ್ತು. ನನಗೆ ಹಿಡಿಸಿದ್ದು ಬೇರೆಯದೇ ಮಾತು: ನಡುವೆ ಒಂದು ಸಲ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಿರಲಿಲ್ಲ.

ಅಂದರೆ ಬುಧವಾರ ಮಧ್ಯಾಹ್ನವೂ ಶುರು ಮಾಡಬಹುದು. ಅದರಲ್ಲಿ ಗತ್ತೇನೂ ಇಲ್ಲ, ನಿಜ. ಹೊಸ ಬೂಟು ಕೊಳ್ಳಲು ನೆಪವಿಲ್ಲ, ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಬೆಳಿಗ್ಗೆ ಗಡದ್ದಾಗಿ ತಿಂದಾಗಿದೆ, ಹನ್ನೊಂದು ಗಂಟೆಗೆ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕೂ ಒಳಗೆ ಹೋಗಿದೆ. ಅಂಥ ದಿನವೇ ಊಟಕ್ಕೆ ಕೂತು, ಮಾಮೂಲಿಯಾಗಿ ತಿಂದು, ಇನ್ನೊಮ್ಮೆ ಹಾಕಿಸಿಕೊಳ್ಳದೆ ಎದ್ದು ಕೈ ತೊಳೆದುಕೊಂಡರಾಯಿತು. ಎದುರಿಗೆ ಕೂತವರು “ಏನ್ರೀ, ಮತ್ತೆ ಡಯಟ್ ಶುರುವಾ?” ಎಂದು ಕೇಳಿಯೇ ಕೇಳುತ್ತಾರೆ. “ಇಲ್ಲಪ್ಪ, ಹೊಟ್ಟೆ ತುಂಬಿತು” ಎಂದರೆ ಸುಳ್ಳೇನಲ್ಲ.