ಪರದೆ ದೊಡ್ಡದಾದಂತೆ ಫ್ರೇಮ್‌ಗಳೂ ಹೆಚ್ಚಬೇಕು

ತುಮಕೂರಿನಲ್ಲಿ ಹಳೆಯ ಚಿತ್ರಮಂದಿರಗಳ ನವೀಕರಣದ ಮಾತು ಬಂದಾಗಲೆಲ್ಲ ಚರ್ಚೆ ಪರದೆಯ ಅಗಲ, ಧ್ವನಿವ್ಯವಸ್ಥೆ ಮತ್ತು ಸೀಟುಗಳ ಸುತ್ತಲೇ ನಡೆಯುತ್ತದೆ. ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಬಿಡಿ ಸ್ಥಿರಚಿತ್ರ, ಎಂದು ಯಾರೂ ಕೇಳುವುದಿಲ್ಲ. ಪರದೆಯನ್ನು ಹಿಗ್ಗಿಸಲು ಹೊರಟವರು ಮೊದಲು ಕೇಳಬೇಕಾದದ್ದು ಅದನ್ನೇ ಎಂಬುದು ನನ್ನ ಅಭಿಪ್ರಾಯ.

60 ಅಡಿ ಅಗಲದ ಪರದೆಯನ್ನು ಒಂದು ಬಸ್ಸು ಮೂರು ಸೆಕೆಂಡಿನಲ್ಲಿ ದಾಟುತ್ತದೆ ಎಂದುಕೊಳ್ಳಿ. ಸಿನಿಮಾದಲ್ಲಿ ರೂಢಿಯಲ್ಲಿರುವ ಸೆಕೆಂಡಿಗೆ 24ರಂತೆ ಒಟ್ಟು 72 ಫ್ರೇಮ್‌ಗಳಾಗುತ್ತವೆ. ಅಂದರೆ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಬಸ್ಸು 10 ಅಂಗುಲ ಜಿಗಿಯುತ್ತದೆ. 48 ಫ್ರೇಮ್ ಆದರೆ ಆ ಜಿಗಿತ 5 ಅಂಗುಲಕ್ಕೆ ಇಳಿಯುತ್ತದೆ. ಹಿಂದೆ ಬಾಲ್ಕನಿಯಲ್ಲಿ ಕುಳಿತವರಿಗೆ ಇದು ಅಷ್ಟಾಗಿ ತಟ್ಟದಿರಬಹುದು, ಆದರೆ ಗಾಂಧಿ ಕ್ಲಾಸಿನಲ್ಲಿ ಕುಳಿತವರು ಚಿತ್ರ ಮುಗಿದ ಮೇಲೆ ಮೇಲಕ್ಕೇರುವ ಹೆಸರುಗಳನ್ನು ಗಮನಿಸಿ ನೋಡಲಿ: ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದಂತೆ ಅದುರುತ್ತವೆ, ಓದಲು ಹೋದರೆ ಕಣ್ಣು ಸೋಲುತ್ತದೆ. ಪ್ರಖರವಾದ ಲೇಸರ್ ಪ್ರೊಜೆಕ್ಟರ್ ಬಂದರೆ ಈ ಅದುರು ಇನ್ನಷ್ಟು ಎದ್ದು ಕಾಣುತ್ತದೆ.

24 ಎಂಬ ಸಂಖ್ಯೆ ನಮ್ಮ ಕಣ್ಣಿನ ಅಗತ್ಯವನ್ನು ಅಳೆದು ಇಟ್ಟದ್ದಲ್ಲ. 1920ರ ದಶಕದ ಕೊನೆಯಲ್ಲಿ ಮಾತಿನ ಚಿತ್ರಗಳು ಬಂದಾಗ, ಧ್ವನಿ ಕೆಡದಂತೆ ಮತ್ತು ಫಿಲ್ಮ್ ಖರ್ಚು ಮಿತಿಮೀರದಂತೆ ಅದು ನೆಲೆಗೊಂಡಿತು. ದೊಡ್ಡ ಫಿಲ್ಮ್‌ಗೆ ಅದು ಸಾಲದೆಂದು ತಂತ್ರಜ್ಞರು ಬಹಳ ಹಿಂದೆಯೇ ಅರಿತಿದ್ದರು. 1955ರಲ್ಲಿ ಅಗಲ ಫಿಲ್ಮ್ ಬಳಸುವ ಟಾಡ್-ಎಓ ಪದ್ಧತಿಯ ಮೊದಲ ಚಿತ್ರ 70 ಎಂಎಂ ಪರದೆಗಾಗಿ 30 ಫ್ರೇಮ್‌ನಲ್ಲಿ ತಯಾರಾಯಿತು; ಆದರೆ 35 ಎಂಎಂ ಪ್ರತಿಗಳಿಗೆ 24 ಬೇಕಾಗಿದ್ದರಿಂದ ಅದನ್ನು ಎರಡೆರಡು ಬಾರಿ ಚಿತ್ರೀಕರಿಸಬೇಕಾಯಿತು, ಕೆಲವೇ ವರ್ಷಗಳಲ್ಲಿ 30 ಕೈಬಿಟ್ಟುಹೋಯಿತು. ಹಾಲಿವುಡ್‌ನ ದೃಶ್ಯ ಪರಿಣಾಮಗಳ ತಜ್ಞ ಡಗ್ಲಸ್ ಟ್ರಂಬಲ್ ಅವರು 65 ಎಂಎಂ ಫಿಲ್ಮ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ ಸೆರೆಹಿಡಿಯುವ ಶೋಸ್ಕ್ಯಾನ್ ಎಂಬ ಪದ್ಧತಿ ರೂಪಿಸಿದರು. ಪ್ರೇಕ್ಷಕರ ದೈಹಿಕ ಸ್ಪಂದನೆಯನ್ನೇ ಅಳೆದು ಆ ವೇಗವನ್ನು ಆರಿಸಿಕೊಂಡ ಅವರ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ದೈತ್ಯ ಪರದೆಗಳಿಗೆ ಹೆಸರಾದ ಐಮ್ಯಾಕ್ಸ್ ಕಂಪನಿ ಕೂಡ 1992ರಲ್ಲಿ 48 ಫ್ರೇಮ್‌ನ ಪ್ರಯೋಗ ಮಾಡಿತ್ತು.

2012ರಲ್ಲಿ ‘ದಿ ಹಾಬಿಟ್’ 48 ಫ್ರೇಮ್‌ನಲ್ಲಿ ಬಂದಾಗ, ಟಿವಿ ಧಾರಾವಾಹಿ ನೋಡಿದಂತಾಯಿತು ಎಂಬ ದೂರು ಎದ್ದಿತು. ಆ ದೂರಿನಲ್ಲಿ ಹುರುಳಿದೆ. ಹೆಚ್ಚು ಫ್ರೇಮ್‌ನಲ್ಲಿ ಬಣ್ಣ ಬಳಿದ ಸೆಟ್ಟು, ಅಂಟಿಸಿದ ಗಡ್ಡ ಎಲ್ಲವೂ ಬಯಲಾಗುತ್ತವೆ. ಆದರೆ ಇಡೀ ಚಿತ್ರವನ್ನು ಒಂದೇ ವೇಗದಲ್ಲಿ ತೋರಿಸಬೇಕೆಂಬ ನಿಯಮವೇನೂ ಇಲ್ಲ. 2022ರ ‘ಅವತಾರ್’ ಚಿತ್ರದ ಎರಡನೇ ಭಾಗದಲ್ಲಿ ಕೆಲವು ದೃಶ್ಯಗಳಿಗೆ 48 ಬಳಸಿ, ಉಳಿದೆಡೆ 24ರ ಚಲನೆಯನ್ನೇ ಉಳಿಸಿಕೊಂಡರು. ನಮ್ಮವರೂ ಹೀಗೆ ಮಾಡಬಹುದು. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಸಾಲುಗಟ್ಟಿ ನಿಂತ ಎತ್ತುಗಳ ಮೇಲೆ ಕ್ಯಾಮೆರಾ ಸರಿಯುವಾಗ 48 ಇರಲಿ, ಹಟ್ಟಿಯೊಳಗಿನ ಮಾತುಕತೆಗೆ 24 ಸಾಕು.

ಡಿಜಿಟಲ್ ಸಿನಿಮಾಕ್ಕಾಗಿ 2005ರಲ್ಲಿ ಹೊರಬಂದ, ಹಾಲಿವುಡ್ ಸ್ಟುಡಿಯೋಗಳ ಒಕ್ಕೂಟವಾದ ಡಿಸಿಐನ ಮಾನದಂಡದಲ್ಲೇ 2ಕೆ (ಅಡ್ಡಕ್ಕೆ ಸುಮಾರು ಎರಡು ಸಾವಿರ ಚುಕ್ಕೆಗಳಿರುವ) ಚಿತ್ರಕ್ಕೆ 48 ಫ್ರೇಮ್‌ನ ಅವಕಾಶವಿದೆ. ಆದ್ದರಿಂದ ಹೊಸ ಪ್ರೊಜೆಕ್ಟರ್ ಖರೀದಿಸುವ ಮಾಲೀಕರು ಅದು 48 ಫ್ರೇಮ್ ತೋರಿಸಬಲ್ಲದೇ ಎಂದು ಕೇಳಿ, ಪರದೆಯ ಮೇಲೆ ಓಡಿಸಿ ನೋಡಿದ ನಂತರವೇ ಹಣ ಕೊಡಬೇಕೆಂದು ಕೋರುತ್ತೇನೆ.